ಕ್ರಾನ್ ಕಳಿಸಿದ ಮೇಲ್ ಯಾರಿಗೆ ತಲುಪಿತು?

ಗೊತ್ತುಮಾಡಿದ ಹೊತ್ತಿಗೆ ಸರ್ವರಿನಲ್ಲಿ ಕೆಲಸಗಳನ್ನು, ಅಂದರೆ ಜಾಬ್‌ಗಳನ್ನು, ತಾನಾಗಿ ಓಡಿಸುವ ಪ್ರೋಗ್ರಾಮೇ ಕ್ರಾನ್. ಸರ್ವರ್ ನೋಡಿಕೊಳ್ಳುವವರ ಮೇಲ್‌ಬಾಕ್ಸಿನಲ್ಲಿ ಒಂದು ಫೋಲ್ಡರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೇಲ್ ತಲುಪಲಿಲ್ಲ ಅಂತ ತಿಳಿಸುವ ಮೇಲರ್ ಡೀಮನ್‌ನಿಂದ ಬಂದಿದ್ದೆಲ್ಲ ನೇರ ಅಲ್ಲಿಗೇ ಹೋಗಿ ಬೀಳಲಿ ಅಂತ ಯಾರೋ ಯಾವತ್ತೋ ಫಿಲ್ಟರ್ ಹಾಕಿಟ್ಟಿರುತ್ತಾರೆ. ಓದದೆ ಉಳಿದ ಮೇಲ್‌ಗಳ ಲೆಕ್ಕ ಸಾವಿರ ದಾಟಿರುತ್ತದೆ. ಹೊಸ ಕಡೆ ಕೆಲಸ ಒಪ್ಪಿಕೊಂಡಾಗ ನಾನು ಮೊದಲು ಕೇಳುವುದು ಆ ಫೋಲ್ಡರಿನ ಬಗ್ಗೆಯೇ. ಉತ್ತರ ಹೆಚ್ಚುಕಡಿಮೆ ಒಂದೇ. "ಅದಾ ಸರ್? ಸುಮ್ನೆ ಕ್ರಾನ್ ಮೇಲ್‌ಗಳು. ಬೌನ್ಸ್ ಆಗ್ತಾ ಇರ್ತಾವೆ. ಏನೂ ಇಲ್ಲ ಅದರಲ್ಲಿ." ಹೀಗೆ ಹೇಳುವವರು ಸೋಮಾರಿಗಳಲ್ಲ. ಬೆಳಗಾದರೆ ಹತ್ತು ಕಡೆಯಿಂದ ಫೋನ್ ಬರುವ ಕೆಲಸ ಇದು. ಯಾರೂ ಬಂದು ಜೋರು ಮಾಡದ ತೊಂದರೆ ಹಿಂದೆ ಉಳಿಯುವುದು ಸಹಜ. ಆದರೂ ಆ 'ಏನೂ ಇಲ್ಲ' ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಓದೇ ಇಲ್ಲ ಅಂದಮೇಲೆ ಏನೂ ಇಲ್ಲ ಅಂತ ಗೊತ್ತಾಗುವುದಾದರೂ ಹೇಗೆ?

ಬೌನ್ಸ್ ಆದ, ಅಂದರೆ ತಲುಪದೆ ವಾಪಸ್ ಬಂದ, ಕ್ರಾನ್ ಮೇಲ್‌ನಲ್ಲಿ ಎರಡು ಸುದ್ದಿ ಇರುತ್ತವೆ. ಮೇಲ್ ತಲುಪಲಿಲ್ಲ ಅನ್ನುವುದು ಒಂದು. ಆ ಮೇಲ್ ಒಳಗೆ ಇದ್ದ ಮಾತು ಇನ್ನೊಂದು. ಹುಡುಕಿದರೆ ಸಿಗುವ ಪರಿಹಾರಗಳೆಲ್ಲ ಮೊದಲನೆಯದರ ಬಗ್ಗೆ. ಅದರಲ್ಲೂ ಜಾಸ್ತಿ ಕಾಣುವ ಸಲಹೆ ಇದು: ಕ್ರಾನ್ ಸಾಲಿನ ಕೊನೆಯಲ್ಲಿ ಔಟ್‌ಪುಟ್, ಎರರ್ ಎರಡನ್ನೂ ಡೆವ್ ನಲ್‌ಗೆ, ಅಂದರೆ ಹಾಕಿದ್ದೆಲ್ಲ ಮಾಯವಾಗುವ ಕಸದ ತೊಟ್ಟಿಗೆ, ತಳ್ಳಿಬಿಡಿ. ಇಲ್ಲವೇ ಮೇಲ್ ಯಾರಿಗೆ ಹೋಗಬೇಕು ಅಂತ ಹೇಳುವ ಮೇಲ್‌ಟು ಸಾಲನ್ನು ಖಾಲಿ ಬಿಡಿ. ಬೌನ್ಸ್ ಆ ಕ್ಷಣಕ್ಕೇ ನಿಲ್ಲುತ್ತದೆ, ನಿಜ. ಎರಡನೇ ಸುದ್ದಿಯೂ ಅದರ ಜೊತೆಗೇ ಹೋಗುತ್ತದೆ. ಕ್ರಾನ್ ತಾನಾಗಿ ಏನನ್ನೂ ಹೇಳುವುದಿಲ್ಲ, ಅಲ್ವಾ? ಜಾಬ್ ಏನಾದರೂ ಬರೆದರೆ ಅದನ್ನು ಹಾಗೇ ಎತ್ತಿ ಮೇಲ್ ಮಾಡುತ್ತದೆ. ಬರೆಯದಿದ್ದರೆ ಮೇಲೂ ಇಲ್ಲ. ಕೆಲಸ ಆಯಿತೋ ಕೆಟ್ಟಿತೋ ಅನ್ನುವ ಗೊಡವೆಗೇ ಅದು ಹೋಗುವುದಿಲ್ಲ. ಹಾಗಾಗಿ ಜಾಬ್‌ನ ಬಾಯಿ ಮುಚ್ಚಿಸಿದ ಮೇಲೆ, ಕೆಟ್ಟರೂ ಸರಿಯಾದರೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತದೆ.

ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಹೇಳಿಬಿಡುತ್ತೇನೆ. ಕ್ರಾನ್ ಮೇಲ್ ಬೌನ್ಸ್ ಆಗುತ್ತಿದ್ದರೆ ಅದನ್ನು ಮೇಲ್ ಸರ್ವರಿನ ಚಿಕ್ಕ ಕಿರಿಕಿರಿ ಅಂದುಕೊಳ್ಳಬಾರದು. ಆ ಸರ್ವರಿನಲ್ಲಿ ರಾತ್ರಿ ನಡೆಯುವ ಕೆಲಸಗಳಿಗೆ ಈಗ ಹೇಳಿಕೊಳ್ಳಲು ಯಾರೂ ಇಲ್ಲ ಅಂತ ಅರ್ಥ. ಮೊದಲು ಆ ಕೆಲಸಗಳನ್ನು ನೋಡಬೇಕು, ಆಮೇಲೆ ಮೇಲ್.

ಸಂಘದ ಸರ್ವರ್

ಮಲೆನಾಡಿನ ಒಂದು ಸಹಕಾರ ಸಂಘಕ್ಕೆ ಹೋಗಿದ್ದೆ. ಕರೆದಿದ್ದು ಬೇರೆ ಕಾರಣಕ್ಕೆ. ಮಧ್ಯಾಹ್ನದ ಹೊತ್ತು ರಸೀದಿ ಬರಲು ತುಂಬಾ ಹೊತ್ತು ಹಿಡಿಯುತ್ತದೆ, ಜನ ಕೌಂಟರಿನಲ್ಲಿ ಕಾಯುತ್ತಾರೆ ಅಂತ. ಕಚೇರಿಯ ಹಿಂದಿನ ಕೋಣೆಯಲ್ಲಿ, ಹಳೇ ಲೆಡ್ಜರ್‌ಗಳ ಬೀರು ಪಕ್ಕದಲ್ಲಿ ಸರ್ವರ್ ಇತ್ತು. ಲಿನಕ್ಸ್‌ನ ಒಂದು ಬಗೆಯಾದ ಸೆಂಟ್‌ಓಎಸ್ ಹಾಕಿದ್ದರು. ಲಾಗಿನ್ ಆದ ಕೂಡಲೇ 'ಯೂ ಹ್ಯಾವ್ ಮೇಲ್' ಅನ್ನುವ ಸಾಲು ಬಂತು. ಲೆಕ್ಕ ನೋಡಿಕೊಳ್ಳುವವರು ಪಕ್ಕದಲ್ಲೇ ಕೂತಿದ್ದರು. "ಅದು ಯಾವಾಗಲೂ ಬರ್ತದೆ ಸರ್, ನೀವು ಮುಂದೆ ಹೋಗಿ" ಅಂದರು.

ನಾನು ರೂಟ್, ಅಂದರೆ ಸರ್ವರಿನ ಮುಖ್ಯ ಯೂಸರಿನ, ಮೇಲ್ ಫೈಲ್ ಎಷ್ಟು ದೊಡ್ಡದಿದೆ ಅಂತ ನೋಡಿದೆ. 51 ಎಂಬಿ ಹತ್ತಿರ ಬಂದು ನಿಂತಿತ್ತು. ಮೇಲ್ ಸಾಗಿಸುವ ಪ್ರೋಗ್ರಾಮ್ ಆದ ಪೋಸ್ಟ್‌ಫಿಕ್ಸ್ ಬಳಸಿದವರಿಗೆ ಈ ಅಂಕಿ ಕಂಡರೆ ಅನುಮಾನ ಬರುತ್ತದೆ. ಒಂದು ಮೇಲ್‌ಬಾಕ್ಸ್ ಫೈಲ್ ಬೆಳೆಯಬಹುದಾದ ಡೀಫಾಲ್ಟ್ ಮಿತಿ ಅದರಲ್ಲಿ 5,12,00,000 ಬೈಟ್. ಲಿನಕ್ಸ್‌ನ ಬೇರೆ ಬಗೆಗಳಾದ ಡೆಬಿಯನ್, ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಆ ಮಿತಿಯನ್ನು ತೆಗೆದಿರುತ್ತಾರೆ. ಸೆಂಟ್‌ಓಎಸ್‌ನಲ್ಲಿ ಹಾಗೇ ಇರುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ಬಂದ ಮೇಲ್‌ಗೆ ಜಾಗ ಇಲ್ಲ. 'ಫೈಲ್ ಟೂ ಲಾರ್ಜ್' ಅಂತ ಲಾಗ್‌ನಲ್ಲಿ ಒಂದು ಸಾಲು ಬರೆದು ಪೋಸ್ಟ್‌ಫಿಕ್ಸ್ ಕೈ ತೊಳೆದುಕೊಳ್ಳುತ್ತದೆ. ಬೌನ್ಸ್ ಆಗಿ ವಾಪಸ್ ಬಂದ ಮೇಲ್‌ಗೂ ಮತ್ತೆ ಬೌನ್ಸ್ ಇಲ್ಲ. ಹಾಗೆ ಬಿಟ್ಟರೆ ಎರಡು ಸರ್ವರ್‌ಗಳು ಕೊನೆಯಿಲ್ಲದೆ ಒಂದಕ್ಕೊಂದು ವಾಪಸ್ ಕಳಿಸುತ್ತಾ ಕೂರುತ್ತವೆ. ಅದಕ್ಕೇ ಬೌನ್ಸ್ ಮೇಲ್‌ನಲ್ಲಿ ಕಳಿಸಿದವರ ವಿಳಾಸ ಖಾಲಿ ಇಟ್ಟಿರುತ್ತಾರೆ. ನಿಯಮ ಸರಿಯಾಗಿಯೇ ಇದೆ. ಆದರೆ ಬೌನ್ಸ್ ಇಳಿಯುವ ಜಾಗವೇ ತುಂಬಿದ್ದರೆ ಸುದ್ದಿ ಅಲ್ಲಿಗೇ ಮುಗಿಯಿತು.

ಫೈಲ್ ತೆರೆದರೆ ಸಾಲುಸಾಲು ಬೌನ್ಸ್‌ಗಳು. ಎಲ್ಲದರಲ್ಲೂ 550 5.1.1, ಅಂಥ ಯೂಸರ್ ಇಲ್ಲ. ಕ್ರಾನ್ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನ ಮೇಲ್‌ಟು ಸಾಲಿನಲ್ಲಿದ್ದದ್ದು ಈ ಸರ್ವರನ್ನು ಮೊದಲು ಹಾಕಿಕೊಟ್ಟ ಎಂಜಿನಿಯರ್ ಒಬ್ಬರ ಐಡಿ. ಅವರು ತಮ್ಮ ಕಂಪನಿ ಬಿಟ್ಟಿದ್ದರು. ಕಂಪನಿ ಐಡಿ ತೆಗೆದಿತ್ತು. ಮುಕ್ಕಾಲು ಪಾಲು ಮೇಲ್‌ಗಳು ಒಂದೇ ಜಾಬ್‌ನವು. ಐದು ನಿಮಿಷಕ್ಕೊಮ್ಮೆ ಓಡುವ ಪಿಎಚ್‌ಪಿ ಸ್ಕ್ರಿಪ್ಟ್, ಪ್ರತಿಸಲ ಅದೇ ವಾರ್ನಿಂಗ್. ಐದು ನಿಮಿಷಕ್ಕೊಂದು ಅಂದರೆ ದಿನಕ್ಕೆ 288. ಒಂದು ಬೌನ್ಸ್ ಮೂರು ನಾಲ್ಕು ಕೆಬಿ ಅಂತಿಟ್ಟುಕೊಂಡರೂ ದಿನಕ್ಕೆ ಒಂದು ಎಂಬಿ. ಎರಡು ತಿಂಗಳೊಳಗೆ ಫೈಲ್ ತುಂಬಿಬಿಡುತ್ತದೆ. ಆಗಿದ್ದೂ ಅದೇ. ಆ ಗುಡ್ಡೆಯ ನಡುವೆ, ದಿನಕ್ಕೊಂದರಂತೆ, ಬೇರೆ ಥರದ ಮೇಲ್ ಒಂದು ಇತ್ತು. ರಾತ್ರಿಯ ಬ್ಯಾಕಪ್‌ನದು. ಮೈಎಸ್‌ಕ್ಯೂಎಲ್‌ಡಂಪ್, ಎರರ್ 1045, ಆಕ್ಸೆಸ್ ಡಿನೈಡ್. ಡೇಟಾಬೇಸಿನ ನಕಲು ತೆಗೆಯುವ ಕಮಾಂಡನ್ನು ಡೇಟಾಬೇಸ್ ಒಳಗೆ ಬಿಟ್ಟಿಲ್ಲ ಅಂತ ಅರ್ಥ.

"ಬ್ಯಾಕಪ್ ಆಗ್ತಾ ಇಲ್ಲ ಅನ್ಸುತ್ತೆ" ಅಂದೆ. "ಇಲ್ಲ ಸರ್, ದಿನಾ ಆಗ್ತದೆ. ಫೈಲ್ ಇದಾವಲ್ಲ, ನೋಡಿ" ಅಂತ ಅವರೇ ಫೋಲ್ಡರ್ ತೋರಿಸಿದರು. ಫೈಲ್‌ಗಳು ಇದ್ದವು. ಒಂದು ದಿನವೂ ತಪ್ಪಿರಲಿಲ್ಲ. ಹೆಸರಿನಲ್ಲಿ ತಾರೀಕು ಸರಿಯಾಗಿತ್ತು. ಗಾತ್ರದ ಸಮೇತ ಪಟ್ಟಿ ತೆಗೆದೆ. ಒಂದು ದಿನದವರೆಗೆ ದೊಡ್ಡ ದೊಡ್ಡ ಅಂಕಿಗಳು. ಮಾರನೇ ದಿನದಿಂದ ಎಲ್ಲ ಫೈಲ್‌ಗಳೂ 20 ಬೈಟ್. 20, 20, 20 ಅಂತ ಪರದೆ ತುಂಬಾ. ಜಿಜಿಪ್‌ಗೆ ಏನೂ ಕೊಡದೆ ಕುಗ್ಗಿಸು ಅಂದರೆ ಬರುವ ಫೈಲ್ ಅದು. ಮುಂದೆ ತಲೆಬರಹಕ್ಕೆ 10 ಬೈಟ್, ಕೊನೆಯಲ್ಲಿ ತಾಳೆ ನೋಡುವ ಅಂಕಿಗಳಿಗೆ 8, ನಡುವೆ 'ಇಲ್ಲೇನೂ ಇಲ್ಲ' ಅಂತ ಹೇಳಲು 2. ಡಂಪ್ ಕಮಾಂಡ್ ಸೋತಿದ್ದರೂ, ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಡುವ ಪೈಪ್‌ನಲ್ಲಿ ಅದರ ಮುಂದೆ ಇದ್ದ ಜಿಜಿಪ್ ಗೆದ್ದಿತ್ತು. ಪೈಪ್‌ನಲ್ಲಿ ಕೊನೆಯ ಕಮಾಂಡಿನ ಫಲಿತಾಂಶವೇ ಇಡೀ ಸಾಲಿನ ಫಲಿತಾಂಶ. ಹಾಗಾಗಿ ಸ್ಕ್ರಿಪ್ಟ್ ತನ್ನ ಲಾಗ್‌ನಲ್ಲಿ ದಿನಾ ಬ್ಯಾಕಪ್ ಮುಗಿಯಿತು ಅಂತಲೇ ಬರೆದುಕೊಂಡಿತ್ತು. ಸುಳ್ಳು ಹೇಳದೆ ಇದ್ದದ್ದು ಆ ಮೇಲ್ ಒಂದೇ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 20 ಬೈಟ್ ಶುರುವಾದ ಆ ತಾರೀಕು. ಎಂಜಿನಿಯರ್ ಕೆಲಸ ಬಿಟ್ಟ ಸುದ್ದಿ ಬಂದಾಗ ಸಂಘದವರು ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿದ್ದರು. ಮಾಡಬೇಕಾದ ಕೆಲಸವೇ ಅದು. ಅದರಿಂದ ಬ್ಯಾಕಪ್ ನಿಂತಿತು. ಅದೇ ಹೊತ್ತಿಗೆ ಅವರ ಐಡಿಯೂ ಹೋಗಿತ್ತು, ಅದರಿಂದ ಸುದ್ದಿ ನಿಂತಿತು. ಒಬ್ಬರು ಹೊರಟಾಗ ಕೆಲಸ ಕೆಡುವುದು, ಕೆಟ್ಟಿದ್ದು ಗೊತ್ತಾಗುವ ದಾರಿ ಮುಚ್ಚುವುದು, ಎರಡೂ ಒಟ್ಟಿಗೇ ಆಗುತ್ತವೆ. ಇದನ್ನು ಕಾಕತಾಳೀಯ ಅನ್ನಲು ನನಗೆ ಮನಸ್ಸಿಲ್ಲ. ಆಮೇಲೆ ಬೇರೆ ಕಡೆಯೂ ಇದನ್ನೇ ಕಂಡಿದ್ದೇನೆ.

"ಹಂಗಾದ್ರೆ ಮೊನ್ನೆ ಡಿಸ್ಕ್ ಹೋಗಿದ್ರೆ?" ಅಂತ ಲೆಕ್ಕ ನೋಡಿಕೊಳ್ಳುವವರು ಕೇಳಿದರು. ಮಾತಾಡುತ್ತಲೇ ಬೀರು ಕಡೆ ನೋಡಿದರು. ಅದರಲ್ಲಿದ್ದ ಕೊನೆಯ ಲೆಡ್ಜರ್ ಕಂಪ್ಯೂಟರ್ ಬರುವುದಕ್ಕೂ ಮುಂಚಿನದು. ರಸೀದಿಯ ಕೆಲಸ ಪಕ್ಕಕ್ಕಿಟ್ಟು ಮೊದಲು ಕೈಯಾರೆ ಒಂದು ಬ್ಯಾಕಪ್ ತೆಗೆದೆವು. ಹೊರಗಿನ ಡಿಸ್ಕಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು, ಸದಸ್ಯರ ಪಟ್ಟಿ ಕಾಣುತ್ತಿದೆಯಾ ಅಂತ ನೋಡಿದ ಮೇಲೆಯೇ ಅವರು ಊಟಕ್ಕೆ ಎದ್ದಿದ್ದು.

ದೊಡ್ಡವರಲ್ಲೂ ಇದೇ

ಚಿಕ್ಕ ಕಚೇರಿ, ಹೇಳುವವರು ಕೇಳುವವರು ಇಲ್ಲ, ಹಾಗಾಗಿ ಹೀಗಾಯಿತು ಅಂತ ಯಾರಾದರೂ ಅಂದರೆ ನಾನು ಪ್ರೋಗ್ರಾಮ್ ಬರೆಯುವವರ ಕೋಡ್ ಇಟ್ಟುಕೊಡುವ ಕಂಪನಿ ಗಿಟ್‌ಲ್ಯಾಬ್‌ನ ಕಥೆ ಹೇಳುತ್ತೇನೆ. 2017ರ ಜನವರಿ 31. ರಾತ್ರಿ ಹೊತ್ತಿನಲ್ಲಿ ಡೇಟಾಬೇಸ್ ರೆಪ್ಲಿಕೇಷನ್, ಅಂದರೆ ಎರಡನೇ ಸರ್ವರಿಗೆ ನಕಲಾಗುವ ವ್ಯವಸ್ಥೆ, ಸರಿಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಎರಡನೇ ಸರ್ವರಿನ ಡೇಟಾ ಫೋಲ್ಡರ್ ಖಾಲಿ ಮಾಡಲು ಹೊರಟು, ಮುಖ್ಯ ಸರ್ವರಿನಲ್ಲಿ ಆ ಕಮಾಂಡ್ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಈ ಭಾಗ ಎಲ್ಲರಿಗೂ ನೆನಪಿದೆ, ಸರ್ವರ್ ಜನ ಸೇರಿದ ಕಡೆ ಇವತ್ತಿಗೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಭಾಗ.

ಬ್ಯಾಕಪ್ ಹುಡುಕಿದರೆ, ಅಮೆಜಾನ್‌ನ ಫೈಲ್ ಇಡುವ ಸೇವೆ ಎಸ್3ರಲ್ಲಿ ಇರಬೇಕಿದ್ದ ಜಾಗ ಖಾಲಿ. ಡೇಟಾಬೇಸಿನ ನಕಲು ತೆಗೆಯುವ ಪಿಜಿಡಂಪ್ ದಿನಾ ಓಡುತ್ತಿತ್ತು, ದಿನಾ ಸೋಲುತ್ತಿತ್ತು. ಡೇಟಾಬೇಸ್ ಇದ್ದದ್ದು ಪೋಸ್ಟ್‌ಗ್ರೆಸ್ 9.6. ಬ್ಯಾಕಪ್ ಓಡುತ್ತಿದ್ದ ಮಷೀನಿನಲ್ಲಿ ಡೇಟಾಬೇಸ್ ಫೋಲ್ಡರ್ ಇರಲಿಲ್ಲ. ಅದರಿಂದ ಯಾವ ವರ್ಷನ್ ಅಂತ ತಿಳಿಯದೆ ಪ್ಯಾಕೇಜ್ ತನ್ನ ಪಾಡಿಗೆ 9.2ರ ಪಿಜಿಡಂಪ್ ಹಿಡಿಯುತ್ತಿತ್ತು. ಹಳೇ ಡಂಪ್ ಹೊಸ ಡೇಟಾಬೇಸನ್ನು ಮುಟ್ಟುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಆ ಎರರ್ ಹೇಳಲು ಕ್ರಾನ್ ಮೇಲ್ ವ್ಯವಸ್ಥೆಯೂ ಇತ್ತು. ಆದರೆ ಅವರ ಡೊಮೇನ್‌ಗೆ, ಕಳಿಸಿದವರು ಅಸಲಿಯೇ ಅಂತ ನೋಡುವ ಡಿಮಾರ್ಕ್ ನಿಯಮ ಇತ್ತು. ಕ್ರಾನ್‌ನಿಂದ ಹೋಗುವ ಮೇಲ್‌ಗೆ ಅದರ ಏರ್ಪಾಟು ಮಾಡಿರಲಿಲ್ಲ. ತಗೊಳ್ಳುವ ಕಡೆಯವರು ಮೇಲ್‌ಗಳನ್ನು ತಿರಸ್ಕರಿಸುತ್ತಿದ್ದರು. ಗಿಟ್‌ಲ್ಯಾಬ್ ತನ್ನ ವರದಿಯಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದುಕೊಂಡಿದೆ. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸಿತ್ತು ಕೂಡ. ಆ ಧೈರ್ಯಕ್ಕೆ ನನ್ನ ಗೌರವ ಇದೆ. ಕೊನೆಗೆ ಕಾಪಾಡಿದ್ದು, ಬೇರೆ ಕೆಲಸಕ್ಕಾಗಿ ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್. ಆ ಆರು ಗಂಟೆಯಲ್ಲಿ ಬಂದಿದ್ದ ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಹೊಸ ಯೂಸರ್‌ಗಳ ವಿವರ ಹೋಯಿತು.

ಡಿಮಾರ್ಕ್ ಹಾಕಿದವರದು ತಪ್ಪಲ್ಲ. ನಿಮ್ಮ ಹೆಸರಿನಲ್ಲಿ ಬೇರೆಯವರು ಮೇಲ್ ಕಳಿಸಿ ಜನರನ್ನು ಮೋಸ ಮಾಡಬಾರದು ಅಂತ ಇರುವ ವ್ಯವಸ್ಥೆ ಅದು. ಎಸ್‌ಪಿಎಫ್ (ಯಾವ ಸರ್ವರ್ ಕಳಿಸಬಹುದು ಅನ್ನುವ ಪಟ್ಟಿ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಎರಡರಲ್ಲಿ ಒಂದಾದರೂ ನಿಮ್ಮ ಡೊಮೇನ್ ಹೆಸರಿಗೆ ತಾಳೆಯಾಗಬೇಕು. ಇಲ್ಲದಿದ್ದರೆ ಏನು ಮಾಡಬೇಕು ಅಂತ ಡೊಮೇನ್‌ನ ಯಜಮಾನರೇ ಹೇಳಿರುತ್ತಾರೆ. ಆದರೆ ಅದನ್ನು ಹಾಕುವಾಗ ಯಾರ್ಯಾರು ಮೇಲ್ ಕಳಿಸುತ್ತಾರೆ ಅಂತ ಪಟ್ಟಿ ಮಾಡುತ್ತಾರಲ್ಲ, ಆ ಪಟ್ಟಿಯಲ್ಲಿ ಕಚೇರಿಯ ಮೇಲ್ ಇರುತ್ತದೆ, ಗಿರಾಕಿಗಳಿಗೆ ಬಿಲ್ ಕಳಿಸುವ ಸೇವೆ ಇರುತ್ತದೆ, ಜಾಹೀರಾತು ಕಳಿಸುವ ಸೇವೆ ಇರುತ್ತದೆ. ಮೂಲೆಯಲ್ಲಿ ಓಡುವ ಕ್ರಾನ್ ಇರುವುದಿಲ್ಲ. ಅದು ಯಾವ ವಿಭಾಗಕ್ಕೂ ಸೇರಿದ್ದಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಕೂಡ ಸಣ್ಣ ದೊಡ್ಡ ಎಲ್ಲ ಕಳಿಸುವವರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಇರಲೇಬೇಕು ಅಂತ ಮಾಡಿದೆ. ತಮ್ಮ ಜಿಮೇಲ್ ಐಡಿಯನ್ನು ಮೇಲ್‌ಟುಗೆ ಹಾಕಿ ನಿಶ್ಚಿಂತೆಯಾಗಿದ್ದವರು ಈಗ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. 5.7.26 ಅಂತ ಶುರುವಾಗುವ ಬೌನ್ಸ್ ಬರುತ್ತಿದ್ದರೆ ಕಾರಣ ಇದೇ.

ಇಷ್ಟಕ್ಕೆಲ್ಲ ಮೂಲ ಹುಡುಕಿದರೆ ಕಾಲದ ವ್ಯತ್ಯಾಸ ಕಾಣುತ್ತದೆ. ಕ್ರಾನ್ 1970ರ ದಶಕದ ಯುನಿಕ್ಸ್‌ನದು. ಇವತ್ತು ಲಿನಕ್ಸ್‌ನಲ್ಲಿ ಬಳಸುವುದಕ್ಕೆ ತಳಹದಿ ಪಾಲ್ ವಿಕ್ಸಿ 1987ರಲ್ಲಿ ಬರೆದದ್ದು. ಆಗ ಒಂದೇ ಮಷೀನಿಗೆ ಹಲವರು ಲಾಗಿನ್ ಆಗುತ್ತಿದ್ದರು. ಮೇಲ್ ಅಂದರೆ ಅದೇ ಮಷೀನಿನ ಒಂದು ಫೈಲ್. ಬೆಳಿಗ್ಗೆ ಬಂದು ಲಾಗಿನ್ ಆದವರಿಗೆ ಮೇಲ್ ಇದೆ ಅನ್ನುವ ಸಾಲು ಕಾಣುತ್ತಿತ್ತು, ಓದುತ್ತಿದ್ದರು. ಹಾಗಾಗಿ ಔಟ್‌ಪುಟ್ ಅನ್ನು ಮೇಲ್ ಮಾಡುವುದು ಒಳ್ಳೆಯ ಉಪಾಯವೇ ಆಗಿತ್ತು. ಈಗ ಸರ್ವರಿಗೆ ತಿಂಗಳುಗಟ್ಟಲೆ ಯಾರೂ ಲಾಗಿನ್ ಆಗುವುದಿಲ್ಲ. ಅದೇ ಮೇಲ್ ಈಗ ಇಂಟರ್‌ನೆಟ್ ದಾಟಿ, ಇಷ್ಟೆಲ್ಲ ತಪಾಸಣೆ ಮುಗಿಸಿ, ಯಾರದೋ ಇನ್‌ಬಾಕ್ಸಿಗೆ ಹೋಗಬೇಕು.

ಬೇಡ ಅಂದವರು ಯಾರು?

ಬೌನ್ಸ್ ಬಂದಾಗ ಎಲ್ಲರೂ ಮೊದಲು ಕೋಡ್ ನೋಡುತ್ತಾರೆ. ನಾನು ಮೊದಲು ನೋಡುವುದು ಬೇಡ ಅಂದವರು ಯಾರು ಅಂತ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಬೌನ್ಸ್ ಹಿಡಿದು ಒದ್ದಾಡುತ್ತಿದ್ದಳು. ಸರ್ವರಿನಿಂದ ಜಿಮೇಲ್‌ಗೆ ಮೇಲ್ ಹೋಗುತ್ತದೆ. ಜಿಮೇಲ್‌ನಿಂದ ಕಚೇರಿಯ ಐಡಿಗೂ ಹೋಗುತ್ತದೆ. ಸರ್ವರಿನಿಂದ ಕಚೇರಿಯ ಐಡಿಗೆ ಮಾತ್ರ ಯೂಸರ್ ಇಲ್ಲ ಅಂತ ವಾಪಸ್. "ಸರ್, ಮೇಲ್ ಸರ್ವಿಸ್‌ನವರಿಗೆ ಕಂಪ್ಲೇಂಟ್ ಕೊಡೋಣ್ವಾ?" ಅಂದಳು. "ಅವರೇ ಬೇಡ ಅಂದ್ರಾ? ಮೊದಲು ಅದನ್ನ ನೋಡು" ಅಂದೆ.

ಬೌನ್ಸ್ ಮೇಲ್‌ಗೆ ಮೂರು ಭಾಗ ಇರುತ್ತವೆ. ಮೇಲೆ ಮನುಷ್ಯರಿಗೆ ಬರೆದ ನಾಲ್ಕು ಸಾಲು. ನಡುವೆ ಯಂತ್ರಗಳಿಗೆ ಬರೆದ ವರದಿ. ಕೆಳಗೆ ನಾವು ಕಳಿಸಿದ ಮೇಲ್, ಇಲ್ಲವೇ ಅದರ ಹೆಡರ್‌ಗಳು. ಬೇರೆ ಸರ್ವರ್ ಬೇಡ ಅಂದಿದ್ದರೆ ಪೋಸ್ಟ್‌ಫಿಕ್ಸ್ ಅದನ್ನು 'ಇಂಥ ಹೋಸ್ಟ್ ಹೀಗೆ ಹೇಳಿತು' ಅಂತ ಹೆಸರಿಟ್ಟು ಬರೆಯುತ್ತದೆ. ಅವಳ ಬೌನ್ಸಿನಲ್ಲಿ ಯಾವ ಹೋಸ್ಟ್‌ನ ಹೆಸರೂ ಇರಲಿಲ್ಲ. ಬರೀ 'ಅನ್‌ನೋನ್ ಯೂಸರ್' ಅಂತ ಇತ್ತು. ಲಾಗ್ ತೆರೆಸಿದೆ. ಆ ಮೇಲ್‌ನ ಸಾಲಿನಲ್ಲಿ ಮೇಲ್ ಮುಂದೆ ಯಾರಿಗೆ ಹೋಯಿತು ಅಂತ ಹೇಳುವ 'ರಿಲೇ' ಅನ್ನುವ ಕಡೆ 'ಲೋಕಲ್' ಅಂತ ಇತ್ತು. ಅವಳೇ ಹೇಳಿದಳು, "ಅಯ್ಯೋ ಸರ್, ಇದು ಹೊರಗೇ ಹೋಗಿಲ್ಲ!"

ಅಷ್ಟೇ ವಿಷಯ. ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ಹಾಕುವಾಗ 'ಸಿಸ್ಟಮ್ ಮೇಲ್ ನೇಮ್' ಏನು ಅಂತ ಕೇಳುತ್ತದೆ. ಎಲ್ಲರೂ ಕಂಪನಿಯ ಡೊಮೇನ್ ಟೈಪ್ ಮಾಡುತ್ತಾರೆ. ಕೇಳಿದ ರೀತಿ ಹಾಗೇ ಇದೆ. ಅದು ಹೋಗಿ ಮೈಡೆಸ್ಟಿನೇಷನ್ ಪಟ್ಟಿಯಲ್ಲಿ ಕೂರುತ್ತದೆ. ಅಲ್ಲಿಂದ ಆಚೆಗೆ ಆ ಸರ್ವರ್, ಈ ಡೊಮೇನ್‌ನ ಮೇಲ್‌ಗೆಲ್ಲ ಕೊನೆಯ ಮನೆ ನಾನೇ ಅಂದುಕೊಳ್ಳುತ್ತದೆ. ನಿಜವಾದ ಮೇಲ್ ಸರ್ವರ್ ಎಲ್ಲಿದೆ ಅಂತ ಇಂಟರ್‌ನೆಟ್ಟಿನ ವಿಳಾಸ ಪುಸ್ತಕವಾದ ಡಿಎನ್‌ಎಸ್ ಅನ್ನು ಕೇಳುವುದೇ ಇಲ್ಲ. ತನ್ನಲ್ಲಿ ಆ ಯೂಸರ್ ಇಲ್ಲ, ಹಾಗಾಗಿ ಬೌನ್ಸ್. ಆ ಪಟ್ಟಿಯಿಂದ ಡೊಮೇನ್ ತೆಗೆದು ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿದಳು, ಮೇಲ್ ಹೋಯಿತು. ಒಂದೇ ಒಂದು ಕಾರಣ ಕಲಿಸಬೇಕು ಅಂದರೆ ನಾನು ಇದನ್ನೇ ಕಲಿಸುತ್ತೇನೆ, ಅಷ್ಟು ಕಡೆ ಸಿಗುತ್ತದೆ.

ಇನ್ನೊಂದು ಜಾಗ, ಕಳಿಸಿದವರ ವಿಳಾಸ. ಮೇಲ್‌ಗೂ ಅಂಚೆಯ ಹಾಗೆ ಲಕೋಟೆ ಬೇರೆ, ಕಾಗದ ಬೇರೆ. ನಾವು ಓದುವ 'ಫ್ರಮ್' ಕಾಗದದ ಮೇಲಿನದು. ಬೌನ್ಸ್ ವಾಪಸ್ ಬರುವುದು ಲಕೋಟೆಯ ಮೇಲಿನ ವಿಳಾಸಕ್ಕೆ. ಹೋಸ್ಟ್‌ನೇಮ್ ಸರಿಯಾಗಿ ಇಡದ ಸರ್ವರಿನಲ್ಲಿ ಅದು ರೂಟ್, ಆಟ್, ಲೋಕಲ್‌ಹೋಸ್ಟ್ ಡಾಟ್ ಲೋಕಲ್‌ಡೊಮೇನ್ ಆಗಿರುತ್ತದೆ. ಇಂಥ ಡೊಮೇನ್ ಪ್ರಪಂಚದಲ್ಲೇ ಇಲ್ಲ ಅಂತ ಎದುರಿನವರು ಬಾಗಿಲಲ್ಲೇ ತಡೆಯುತ್ತಾರೆ. ಪೋಸ್ಟ್‌ಫಿಕ್ಸ್‌ನ ಜೆನೆರಿಕ್ ಮ್ಯಾಪ್ ಬಳಸಿ, ಹೊರಗೆ ಹೋಗುವಾಗ ಮಾತ್ರ ಈ ವಿಳಾಸವನ್ನು ಒಂದು ನಿಜವಾದ ಐಡಿಗೆ ಬದಲಾಯಿಸಬಹುದು. ಬರೀ 'ಫ್ರಮ್' ತಿದ್ದಿ ಸುಮ್ಮನಾದರೆ ಬೌನ್ಸ್ ಇನ್ನೂ ದಾರಿ ತಪ್ಪುತ್ತಲೇ ಇರುತ್ತದೆ.

ಕೋಡ್ ವಿಷಯ ಬೇಗ ಮುಗಿಸುತ್ತೇನೆ. 5ರಿಂದ ಶುರುವಾದರೆ ಖಡಾಖಂಡಿತ ಬೇಡ ಅಂತ. 4 ಆದರೆ ಆಮೇಲೆ ಬಾ ಅಂತ. ಆಮೇಲೆ ಬಾ ಅಂದದ್ದನ್ನು ಪೋಸ್ಟ್‌ಫಿಕ್ಸ್ ಡೀಫಾಲ್ಟ್ ಆಗಿ ಐದು ದಿನ ಇಟ್ಟುಕೊಂಡು ಪ್ರಯತ್ನಿಸುತ್ತದೆ, ಆಮೇಲೆ ಬೌನ್ಸ್ ಮಾಡುತ್ತದೆ. ಹಾಗಾಗಿ ಇವತ್ತು ಬಂದ ಬೌನ್ಸ್ ಐದು ದಿನ ಹಿಂದಿನ ಕಥೆ ಆಗಿರಬಹುದು. ಕ್ಲೌಡ್ ಸರ್ವರ್‌ಗಳಲ್ಲಿ ಇದು ಜಾಸ್ತಿ. ಮೇಲ್ ಹೊರಗೆ ಹೋಗುವ ಬಾಗಿಲಾದ 25ನೇ ಪೋರ್ಟ್ ಅನ್ನು ಗೂಗಲ್ ಕ್ಲೌಡ್ ಸಾಮಾನ್ಯವಾಗಿ ಮುಚ್ಚಿಯೇ ಇಟ್ಟಿರುತ್ತದೆ. ಅಮೆಜಾನ್‌ನಲ್ಲೂ ಕೇಳಿಕೊಳ್ಳದಿದ್ದರೆ ಸಿಗುವುದಿಲ್ಲ. ಸ್ಪ್ಯಾಮ್ ತಡೆಯಲು ಅದು ಬೇಕೂ ಹೌದು. ಅಲ್ಲಿ ಬೌನ್ಸ್ ಕಾಯುತ್ತಾ ಕೂರಬೇಡಿ, ಹೋಗದೆ ಕಾಯುತ್ತಿರುವ ಮೇಲ್‌ಗಳನ್ನು ತೋರಿಸುವ ಮೇಲ್‌ಕ್ಯೂ ಕಮಾಂಡ್ ಕೊಟ್ಟು ನೋಡಿ. 'ಕನೆಕ್ಷನ್ ಟೈಮ್ಡ್ ಔಟ್' ಸಾಲುಗಟ್ಟಿದ್ದರೆ, ಪಾಸ್‌ವರ್ಡ್ ಕೊಟ್ಟು 587ನೇ ಪೋರ್ಟ್ ಮೂಲಕ ಬೇರೆ ಮೇಲ್ ಸೇವೆಯೊಂದರಿಂದ ರಿಲೇ ಮಾಡಿಸುವುದೇ, ಅಂದರೆ ಮುಂದಕ್ಕೆ ಕಳಿಸುವುದೇ, ದಾರಿ. ರಿಲೇ ಸೇವೆಯಲ್ಲಿ ನಿಮ್ಮ ಡೊಮೇನ್ ಸರಿಯಾಗಿ ಸೇರಿಸಿದರೆ ಡಿಕಿಮ್ ಸಹಿಯನ್ನೂ ಅವರೇ ಹಾಕುತ್ತಾರೆ. ಮೇಲೆ ಹೇಳಿದ ಡಿಮಾರ್ಕ್ ತೊಂದರೆಯೂ ಅಲ್ಲಿಗೆ ಮುಗಿಯುತ್ತದೆ.

ಮೇಲ್ ತಲುಪಿದ ಮೇಲೆ

ಬೌನ್ಸ್ ನಿಂತು ಮೇಲ್‌ಗಳು ಬರತೊಡಗಿದಾಗ ನಿಜವಾದ ಕಷ್ಟ ಶುರು. ಸಂಘದ ಸರ್ವರಿನಲ್ಲಿ ಬ್ಯಾಕಪ್‌ನ ಮೇಲ್ ಒಂದು, ವಾರ್ನಿಂಗ್‌ಗಳು 288. ಐಡಿ ಸರಿ ಇದ್ದಿದ್ದರೂ ಆ ಎಂಜಿನಿಯರ್ ಅದನ್ನು ಕಾಣುತ್ತಿದ್ದರೋ ಇಲ್ಲವೋ. ಗೆದ್ದಾಗಲೂ ಮೇಲ್ ಕಳಿಸುವ ಜಾಬ್, ಸೋತಾಗ ಕಳಿಸುವ ಮೇಲ್‌ನ ಬೆಲೆ ಕಳೆಯುತ್ತದೆ. ಹಾಗಂತ ಡೆವ್ ನಲ್‌ಗೆ ತಳ್ಳುವುದು ಉತ್ತರ ಅಲ್ಲ. ಮೋರ್‌ಯುಟಿಲ್ಸ್ ಪ್ಯಾಕೇಜಿನಲ್ಲಿ ಕ್ರಾನಿಕ್ ಅಂತ ಒಂದು ಪುಟ್ಟ ಕಮಾಂಡ್ ಇದೆ. ಜಾಬ್‌ನ ಮುಂದೆ ಅದನ್ನು ಹಾಕಿದರೆ ಸರಿಯಾದಾಗ ಸುಮ್ಮನಿರುತ್ತದೆ, ಕೆಟ್ಟಾಗ ಇಡೀ ಔಟ್‌ಪುಟ್ ಕೊಡುತ್ತದೆ. ಇದಕ್ಕೆ ಜಾಬ್ ತಾನು ಸೋತಿದ್ದನ್ನು ಒಪ್ಪಿಕೊಳ್ಳಬೇಕು. ಪೈಪ್ ಇರುವ ಬ್ಯಾಶ್ ಸ್ಕ್ರಿಪ್ಟ್‌ನಲ್ಲಿ ಪೈಪ್‌ಫೇಲ್ (ಯಾವ ಕಮಾಂಡ್ ಸೋತರೂ ಇಡೀ ಸಾಲು ಸೋತಂತೆ ಅನ್ನುವ ಸೂಚನೆ) ಹಾಕಲೇಬೇಕು. ಆ ಒಂದು ಸಾಲು ಇದ್ದಿದ್ದರೆ, ಸಂಘದ ಸ್ಕ್ರಿಪ್ಟ್ 20 ಬೈಟ್‌ನ ಫೈಲ್ ತೋರಿಸಿ ಮುಗಿಯಿತು ಅಂತ ಬರೆದುಕೊಳ್ಳುತ್ತಿರಲಿಲ್ಲ.

ಮೇಲ್ ಹೋಗಬೇಕಾದದ್ದು ಹುದ್ದೆಗೆ, ವ್ಯಕ್ತಿಗೆ ಅಲ್ಲ. ಸಂಘದಲ್ಲಿ ಈಗ ರೂಟ್‌ನ ಮೇಲ್‌ಗಳು ಕಚೇರಿಯ ಒಂದು ಸಾಮಾನ್ಯ ಐಡಿಗೆ ಹೋಗುತ್ತವೆ. ಅದನ್ನು ಇಬ್ಬರು ನೋಡುತ್ತಾರೆ, ಹೊರಗಿನ ಎಂಜಿನಿಯರ್ ಮೂರನೆಯವರು. ಯಾರಾದರೂ ಕೆಲಸ ಬಿಟ್ಟರೆ ಪಾಸ್‌ವರ್ಡ್ ಬದಲಾಯಿಸುವ ಚೀಟಿಯಲ್ಲೇ 'ಕ್ರಾನ್ ಮೇಲ್ ಬಂತಾ ನೋಡಿ' ಅನ್ನುವ ಸಾಲನ್ನೂ ಸೇರಿಸಿದ್ದೇವೆ. ನೋಡುವ ಕ್ರಮವೂ ಸುಲಭ. ಕಮಾಂಡ್ ಲೈನಿನಿಂದ ಮೇಲ್ ಕಳಿಸಿ ಬಂತು ಅಂದುಕೊಂಡರೆ ಸಾಲದು. ಕ್ರಾನ್ ಜಾಬ್ ಬೇರೆ ಯೂಸರಿನ ಹೆಸರಲ್ಲಿ ಓಡಬಹುದು, ಅದರ ಪರಿಸರವೂ ಬೇರೆ. ಕ್ರಾನ್‌ಟ್ಯಾಬ್‌ನಲ್ಲೇ, ಕೊಟ್ಟ ಮಾತನ್ನು ಹಾಗೇ ಬರೆಯುವ ಎಕೋ ಕಮಾಂಡಿನ ಒಂದು ಸಾಲು ಹಾಕಿ, ಅದರ ಮೇಲ್ ಇನ್‌ಬಾಕ್ಸಿಗೆ ಬರುವವರೆಗೆ ಕಾಯಬೇಕು. ಮೇಲ್‌ಟು ಸಾಲು ತನ್ನ ಕೆಳಗಿನ ಜಾಬ್‌ಗಳಿಗೆ ಮಾತ್ರ ಅನ್ವಯ ಅನ್ನುವುದನ್ನೂ ಮರೆಯಬಾರದು. ಫೈಲಿನ ಕೊನೆಯಲ್ಲಿ ಅದನ್ನು ಬರೆದು, ಮೇಲ್ ಯಾಕೆ ಬರುತ್ತಿಲ್ಲ ಅಂತ ಹುಡುಕುವವರು ಬೇಕಾದಷ್ಟು ಜನ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಸರ್ವರ್ ಪೂರ್ತಿ ನಿಂತರೆ, ಕ್ರಾನೇ ಓಡದಿದ್ದರೆ, ಮೇಲ್ ಕಳಿಸುವವರು ಯಾರು? ಹಾಗಾಗಿ ಬ್ಯಾಕಪ್‌ನಂಥ ಕೆಲಸಕ್ಕೆ ನಾನು ಉಲ್ಟಾ ವ್ಯವಸ್ಥೆಯನ್ನೂ ಇಡುತ್ತೇನೆ. ಬೇರೆ ಮಷೀನೊಂದು ದಿನಾ ಬೆಳಿಗ್ಗೆ ಬ್ಯಾಕಪ್ ಫೈಲ್ ಬಂದಿದೆಯಾ, ನಿನ್ನೆಯದಕ್ಕಿಂತ ತೀರಾ ಚಿಕ್ಕದಾಗಿದೆಯಾ ಅಂತ ನೋಡುತ್ತದೆ. ಸುದ್ದಿ ಬರದಿದ್ದರೆ ಅದೇ ಕೂಗುತ್ತದೆ.

ಈಚೆಗೆ ನನಗೆ ಜಾಸ್ತಿ ಚಿಂತೆ ಆಗಿರುವುದು ಬೌನ್ಸ್ ಕೂಡ ಬರದ ಸರ್ವರ್‌ಗಳ ಬಗ್ಗೆ. ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಬಳಸುವವರು ಹೆಚ್ಚಾಗಿದ್ದಾರೆ. ಅದು ಮೇಲ್ ಕಳಿಸುವುದೇ ಇಲ್ಲ, ಬರೆದಿದ್ದೆಲ್ಲ ಜರ್ನಲ್ ಅನ್ನುವ ಲಾಗ್‌ಗೆ ಹೋಗುತ್ತದೆ. ಆನ್‌ಫೇಲ್ಯೂರ್ ಅಂತ ಒಂದು ಸಾಲು ಹಾಕಿ ಯಾರಿಗೆ ಹೇಳಬೇಕು ಅಂತ ನಾವೇ ತಿಳಿಸಬೇಕು. ಬಹಳ ಜನ ಹಾಕಿರುವುದಿಲ್ಲ. ಉಬುಂಟು ಸರ್ವರ್ ಹೊಸದಾಗಿ ಹಾಕಿದಾಗ ಸಾಮಾನ್ಯವಾಗಿ ಮೇಲ್ ಕಳಿಸುವ ಪ್ರೋಗ್ರಾಮೇ (ಎಂಟಿಎ) ಇರುವುದಿಲ್ಲ. ಕ್ರಾನ್ ಆಗ ಜಾಬ್ ಬರೆದದ್ದನ್ನು ಎಸೆದು ಸಿಸ್‌ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ: 'ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್.' ನಿಮ್ಮ ಕೈಯಲ್ಲಿ ಸರ್ವರ್ ಇದ್ದರೆ ಇವತ್ತೇ ಒಮ್ಮೆ ಆ ಸಾಲನ್ನು ಲಾಗ್‌ನಲ್ಲಿ ಹುಡುಕಿ. ಸಿಕ್ಕರೆ ಅದರ ಹಿಂದುಮುಂದಿನ ಸಾಲುಗಳಲ್ಲಿ ಯಾವ ಜಾಬ್ ಅಂತ ಗೊತ್ತಾಗುತ್ತದೆ. ಆ ಜಾಬ್ ಅನ್ನು ಕೈಯಾರೆ ಓಡಿಸಿ, ಅದು ಏನು ಹೇಳುತ್ತದೆ ಅಂತ ಓದಿ.